ಮಂದಿಯ ಗೋಡೆ

“ಮಂದಿ ಎಲ್ಲಿ?”

ಸಣ್ಣಪ್ಪ ಯಾರನ್ನೂ ಕೇಳಲಿಲ್ಲ, ಮಾತು ತಾನಾಗಿ ಬಾಯಿಂದ ಬಿತ್ತು. ಕುದುರೆ ಕಸ್ತೂರಿಯ ಬರಿಬೆನ್ನೇರಿ ಬೇವಿನ ಮರದ ನೆರಳಿನಿಂದ ಆಚೆ ಬಂದವನು ಬಯಲು ನೋಡಿ ಹಾಗೇ ಕೂತುಬಿಟ್ಟ. ಮರದಿಂದ ಗುರಿಗಲ್ಲಿನವರೆಗೆ ಮುಕ್ಕಾಲು ಮೈಲಿ ನೆಲ ಬಟಾಬಯಲಾಗಿ ಬಿದ್ದಿತ್ತು. ಮರದ ಹತ್ತಿರ ಇಪ್ಪತ್ತೋ ಮೂವತ್ತೋ ಜನ ನಿಂತಿದ್ದರು, ಅದರಲ್ಲಿ ಅರ್ಧ ಮುದುಕರು. ಅಲ್ಲಿಂದಾಚೆ ಒಣಹುಲ್ಲು, ಎರಡು ಆಡು, ಬಿಸಿಲು. ಇಷ್ಟೇ.

ಓಟ ಶುರುಮಾಡಲು ಬಡಿಯುವ ಹಲಿಗೆ ಹಿಡಿದು ನಿಂತಿದ್ದ ತಳವಾರ ಓಬಳೆಪ್ಪ ತಲೆ ಕೆರೆದುಕೊಂಡ.

“ಗಂಗಾವತಿಗೆ ಹೋಗ್ಯಾರಪ. ಡೇರೆ ಹೊಡದಾರಲ್ಲ, ಮಾತಾಡೋ ಸಿನಿಮಾ. ಇವತ್ತ ಕಡೀ ದಿನ ಅಂತ.”

“ಎಲ್ಲಾರೂ?”

“ಎಲ್ಲಾರೂ ಅಂದ್ರ ಎಲ್ಲಾರೂ. ನನ್ನ ಹೇಣ್ತಿ ಹೋಗ್ಯಾಳ, ನಿನ್ನ ಹೇಣ್ತಿ ಹೋಗ್ಯಾಳ. ಬಸ್ಸಿನ ಮ್ಯಾಲ ಸೈತ ಕುಂತ ಹೋದ್ರು. ನಾನೂ ಹೊಂಟಿದ್ದೆ ನೋಡು, ಈ ಹಲಿಗಿ ಒಂದು ಕೊಳ್ಳಿಗೆ ಬಿದ್ದೈತಿ.”

ಕನಕಗಿರಿಯ ಕುದುರೆ ಓಟವೆಂದರೆ ಏನು ಸಾಮಾನ್ಯವೇ! ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆಯಿಂದ ಮೂರು ದಿನ ಮೊದಲೇ ಗಾಡಿಗಳು ಬಂದು ಕೆರೆಯ ಏರಿಯ ಕೆಳಗೆ ಬೀಡುಬಿಡುತ್ತಿದ್ದವು. ರೊಟ್ಟಿ ಬುತ್ತಿಯ ಗಂಟು ಬಿಚ್ಚಿದರೆ ಅರ್ಧ ಜಿಲ್ಲೆ ಒಂದೇ ಪಂಕ್ತಿಯಲ್ಲಿ ಕೂತಂತೆ ಇರುತ್ತಿತ್ತು. ಹದಿನೆಂಟು ಕುದುರೆ ಓಡಿದ ವರ್ಷವನ್ನು ಸಣ್ಣಪ್ಪನೇ ಕಣ್ಣಾರೆ ಕಂಡಿದ್ದ. ಬೇರೆ ಕಡೆಯ ಓಟಗಳ ಹಾಗಲ್ಲ ಇದು. ಇಲ್ಲಿ ಕುದುರೆಗೆ ಜೀನು ಹಾಕುವಂತಿಲ್ಲ, ಬಾಯಿಗೆ ಕಡಿವಾಣ ಹಾಕುವಂತಿಲ್ಲ. ದಾರಿಗೆ ಹಗ್ಗ ಕಟ್ಟುವುದಿಲ್ಲ, ಬೇಲಿ ಹಾಕುವುದಿಲ್ಲ, ಸುಣ್ಣದ ಗೆರೆ ಸಹ ಎಳೆಯುವುದಿಲ್ಲ. ಮಂದಿಯೇ ಗೋಡೆ. ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು ಜನ ಒತ್ತಿ ನಿಂತು ಕೂಗಬೇಕು, ಕುದುರೆಗಳು ಆ ಎರಡು ಕೂಗಿನ ನಡುವೆ ಹಾಯಬೇಕು.

ಯಾವ ಊರವರು ಎಲ್ಲಿ ನಿಲ್ಲಬೇಕೆಂಬುದು ಅಜ್ಜ ಮುತ್ತಜ್ಜನ ಕಾಲದಿಂದ ಗೊತ್ತಾದದ್ದು. ಅರ್ಧ ದಾರಿಯಲ್ಲಿ, ಓಟ ಬಲಕ್ಕೆ ಹೊರಳುವ ಕಡೆ, ಎಡಗಡೆಗೆ ಒಂದು ಹಾಳುಬಾವಿ ಇತ್ತು. ಕಟ್ಟೆಯಿಲ್ಲದ ಬಾವಿ, ಮೂರು ಗಾಡಿ ಒಟ್ಟಿಗೆ ಇಳಿದುಹೋಗುವಷ್ಟು ಅಗಲ. ಅಲ್ಲಿ ನಿಲ್ಲುವ ಪಾಳಿ ನವಲಿಯವರದು. ಅವರು ಕೈಗೆ ಕೈ ಹೆಣೆದು ಮೂರು ಸಾಲು ನಿಲ್ಲುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದು ಕುದುರೆಯೂ ಆ ಬಾವಿಗೆ ಬಿದ್ದದ್ದಿಲ್ಲ.

ಈಗ ಆ ಬಾವಿಯ ಕಡೆ ನರಪಿಳ್ಳೆ ಇರಲಿಲ್ಲ.

ಲಡಾಯಿ ಶುರುವಾದಾಗಿನಿಂದ ಮಂದಿ ಕಡಿಮೆಯಾಗುತ್ತಲೇ ಬಂದಿತ್ತು, ಸುಳ್ಳಲ್ಲ. ಪೆಟ್ರೋಲು ಸಿಗದೆ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಬರುವ ಬಸ್ಸು ದಿನಾ ಓಡಾಡತೊಡಗಿದ ಮೇಲೆ ಜನರಿಗೆ ಹೋಗಲು ಬೇರೆ ಬೇರೆ ಊರು ಸಿಕ್ಕಿದ್ದವು. ಆದರೂ ಹೋದ ವರ್ಷ ದಾರಿಯುದ್ದಕ್ಕೂ ಒಂದೊಂದು ಸಾಲಾದರೂ ಜನ ನಿಂತಿದ್ದರು. ಈ ವರ್ಷ ಹೀಗೆ ಒಮ್ಮೆಗೇ ಬರಿದಾಗುತ್ತದೆಂದು ಸಣ್ಣಪ್ಪ ಕನಸಿನಲ್ಲಿಯೂ ನೆನೆಸಿರಲಿಲ್ಲ. ಬೆಳಿಗ್ಗೆ ಅವನ ಹೆಂಡತಿ ಹುಲಿಗವ್ವ ಹೊಸ ಸೀರೆ ಉಟ್ಟು ಹೊರಟಾಗ ಜಗಳವಾಡಿದ್ದ.

“ಗಂಡ ಓಟಕ್ಕ ಇಳೀತಾನ, ನೀ ಸಿನಿಮಾಕ್ಕ ಹೊಂಟಿ. ನಾಚಿಕಿ ಆಗೂದಿಲ್ಲೇನು?”

“ನಾಚಿಕಿ ಯಾಕ? ಗೆಲ್ಲೂದು ಮತ್ತ ನಿಮ್ಮ ಕಸ್ತೂರಿನ. ನಾಕ ವರ್ಷ ಅದನ್ನ ನೋಡೇವಿ. ಊರ ಮಂದಿ ಏನಂತಾರ ಕೇಳೀರೇನು? ಯಾವ ಕುದುರಿ ಗೆಲ್ತೈತಿ ಅಂತ ಮೊದಲ ಗೊತ್ತಿದ್ದ ಮ್ಯಾಲ ನೋಡಾಕ ಏನೈತಿ ಅಂತಾರ.”

ಆ ಮಾತು ಅವನಿಗೆ ಈಗ ಕಪಾಳಕ್ಕೆ ಹೊಡೆದ ಹಾಗೆ ನೆನಪಾಯಿತು. ಗೆದ್ದು ಗೆದ್ದು ಮಂದಿಯನ್ನು ಓಡಿಸಿದವನು ತಾನೇ! ಅಯ್ಯೋ ಶಿವನೇ. ಮಂದಿ ಇಲ್ಲದೆ ಬೇರೆ ಯಾವ ಕುದುರೆಯಾದರೂ ಓಡೀತು. ಕಸ್ತೂರಿ ಓಡಲಾರಳು. ಕಸ್ತೂರಿಗೆ ಕಣ್ಣಿಲ್ಲ.

ಇದು ಸಣ್ಣಪ್ಪನೊಬ್ಬನಿಗೇ ಗೊತ್ತಿದ್ದ ಗುಟ್ಟು. ಎರಡು ಮಳೆಗಾಲದ ಹಿಂದೆ ಅವಳ ಎಡಗಣ್ಣು ನೀರಾಡಿ ಮಬ್ಬಾಯಿತು, ಆರು ತಿಂಗಳಿಗೆ ಬಲಗಣ್ಣೂ ಹೋಯಿತು. ಮೈ ತಿಕ್ಕುವವನು ಅವನೇ, ನೀರಿಗೆ ಒಯ್ಯುವವನು ಅವನೇ, ಹಾಗಾಗಿ ಮುಚ್ಚಿಡುವುದು ಕಷ್ಟವಾಗಲಿಲ್ಲ. ಹೋದ ವರ್ಷ ಅವಳು ಪೂರಾ ಕುರುಡಿಯಾಗಿಯೇ ಓಡಿದ್ದಳು. ಎಡಕ್ಕೆ ಕೂಗು ಹತ್ತಿರವಾದರೆ ಬಲಕ್ಕೆ, ಬಲಕ್ಕೆ ಹತ್ತಿರವಾದರೆ ಎಡಕ್ಕೆ ಸರಿಯುತ್ತಾ, ಎರಡು ಕಿವಿಯಲ್ಲೇ ದಾರಿ ಹಿಡಿದು ಓಡಿ ಗೆದ್ದಳು. ಸಣ್ಣಪ್ಪ ಅವಳ ಕೊರಳು ತಬ್ಬಿ ಅತ್ತದ್ದನ್ನು ನೋಡಿ ಜನ ಖುಷಿಗೆ ಅತ್ತನೆಂದುಕೊಂಡರು.

ಗೆದ್ದ ಕುದುರೆಗೆ ವರ್ಷವಿಡೀ ಕೆರೆಯಂಗಳದ ಹುಲ್ಲು. ಅದೇ ಇನಾಮು. ಆ ಹುಲ್ಲಿನಿಂದಲೇ ಕಸ್ತೂರಿ ಉಳಿದಿದ್ದಳು. ಒಡೆಯ ಮೆಹಬೂಬಸಾಬರು ಸರ್ಕಾರದ ಸವಾರರಾಗಿದ್ದು ವಯಸ್ಸಾಗಿ ಮನೆಗೆ ಬಂದವರು. ಮೇವು ಕೊಂಡು ಕುದುರೆ ಸಾಕುವ ಶಕ್ತಿ ಅವರಿಗಿರಲಿಲ್ಲ. ಸೋತರೆ ಅವಳನ್ನು ಯಾರಿಗಾದರೂ ಕೊಡಲೇಬೇಕು. ಕುರುಡು ಕುದುರೆಯನ್ನು ಯಾರು ಒಯ್ಯುತ್ತಾರೆ? ಎಣ್ಣೆಯ ಗಾಣದವರು ಒಯ್ಯುತ್ತಾರೆ. ಕಣ್ಣು ಕಟ್ಟುವ ಕೆಲಸವೂ ಉಳಿಯಿತೆಂದು ಖುಷಿಯಿಂದ ಒಯ್ಯುತ್ತಾರೆ. ಗಾಳಿಯ ಹಾಗೆ ಓಡಿದವಳು ಸಾಯುವತನಕ ಒಂದೇ ಕಂಬ ಸುತ್ತಬೇಕು. ಅದನ್ನು ನೆನೆದರೆ ಸಣ್ಣಪ್ಪನಿಗೆ ಅನ್ನ ಇಳಿಯುತ್ತಿರಲಿಲ್ಲ.

ಮೆಹಬೂಬಸಾಬರು ಹಸಿರು ರುಮಾಲು ಸುತ್ತಿಕೊಂಡು ಕೋಲೂರುತ್ತಾ ಬಂದರು. ಬಯಲು ನೋಡಿ ಅವರ ಮುಖವೂ ಬಿಳುಚಿತ್ತು.

“ಸಾಬರ, ಈ ವರ್ಷ ಬ್ಯಾಡ್ರಿ. ಬಿಟ್ಟಬಿಡೂಣ್ರಿ,” ಎಂದ ಸಣ್ಣಪ್ಪ.

“ಯಾಕ?”

ಯಾಕೆಂದು ಏನು ಹೇಳುವುದು? “ಮಂದಿ ಇಲ್ಲರಿ,” ಎಂದ.

“ಮಂದಿ ಇಲ್ಲದಿದ್ರ ಹುಲ್ಲು ಬ್ಯಾಡೇನು? ಬಿಟ್ರೂ ಸೋತಂಗ ಲೆಕ್ಕ.” ಸಾಬರು ಕಸ್ತೂರಿಯ ಹಣೆ ಸವರಿದರು, ಸಣ್ಣಪ್ಪನ ಮುಖ ನೋಡಲಿಲ್ಲ. “ಕುದುರೀ ಮೂರ ಅದಾವ ಈ ಸಲ. ಗೆದ್ದಬಿಡ್ತಾಳ. ನಾ ಬಾವಿ ಕಡೆ ಹೋಗಿ ನಿಂದರ್ತೀನಿ.”

“ಗುರಿಗಲ್ಲಿನ ಕಡೆ ನಿಂದರ್ರಿ. ಬಾವಿ ಹತ್ರ ಯಾಕ?”

“ಅಲ್ಲಿ ಧೂಳ ಕಡಿಮಿ,” ಎಂದು ಸಾಬರು ಹೊರಟೇಬಿಟ್ಟರು. ಹೋದ ವರ್ಷವೂ ಹೀಗೇ ಧೂಳಿನ ನೆಪ ಹೇಳಿ ನವಲಿಯವರ ನಡುವೆ ಹೋಗಿ ನಿಂತಿದ್ದರು.

ಸಣ್ಣಪ್ಪ ಇಳಿಯಬಹುದಿತ್ತು. ಇಳಿದು, ಕಾಲು ಉಳುಕಿತೆಂದೋ ಹೊಟ್ಟೆ ನೊಂದಿತೆಂದೋ ಹೇಳಬಹುದಿತ್ತು. ಗಾಣದ ಕಂಬ ಕಣ್ಣ ಮುಂದೆ ಬಂತು. ಇಳಿಯಲಿಲ್ಲ. ಅವಳಿಗೆ ದಾರಿ ಕಾಲಿಗೇ ಗೊತ್ತಾಗಿರಬೇಕು, ಐದನೇ ವರ್ಷವಲ್ಲವೇ, ಎಂದು ತನಗೆ ತಾನೇ ಹೇಳಿಕೊಂಡು ಅವಳ ಜೂಲನ್ನು ಎರಡು ಕೈಗೂ ಸುತ್ತಿಕೊಂಡ.

ಓಬಳೆಪ್ಪ ಹಲಿಗೆ ಬಡಿದ.

ಕಸ್ತೂರಿ ಚಿಮ್ಮಿದಳು. ಮರದ ಹತ್ತಿರದ ಮೂವತ್ತು ಜನ ಎಡಕ್ಕೂ ಬಲಕ್ಕೂ ನಿಂತು ಇದ್ದ ಗಂಟಲನ್ನೆಲ್ಲ ತೆಗೆದು ಕೂಗಿದರು, ಆ ಕೂಗಿನ ನಡುವೆ ಅವಳು ಉಳಿದೆರಡು ಕುದುರೆಗಳನ್ನು ಇಪ್ಪತ್ತು ಮಾರು ಹಿಂದೆ ಹಾಕಿದಳು. ಸಣ್ಣಪ್ಪನಿಗೆ ಒಂದು ಗಳಿಗೆ ನಗು ಬಂತು. ಗೆದ್ದಳು, ಗೆದ್ದೇಬಿಟ್ಟಳು!

ಆಮೇಲೆ ಕೂಗು ಹಿಂದೆ ಬಿತ್ತು.

ಮುಂದೆ ಏನೂ ಇಲ್ಲ. ಗಾಳಿ, ಅವಳದೇ ಗೊರಸಿನ ಸದ್ದು. ಅವಳ ಕಿವಿಗಳು ಎಡಕ್ಕೆ ಹೊರಳಿದವು, ಬಲಕ್ಕೆ ಹೊರಳಿದವು, ಮತ್ತೆ ಎಡಕ್ಕೆ. ಮಂದಿಯನ್ನು ಹುಡುಕುತ್ತಿದ್ದಾಳೆಂದು ಸಣ್ಣಪ್ಪನಿಗೆ ತೊಡೆಯ ಕೆಳಗೇ ತಿಳಿಯಿತು. ಅಷ್ಟರಲ್ಲಿ ಹಿಂದಿನಿಂದ ಬಲಗಡೆಗೆ ಜೊತೆಯ ಸವಾರ ಮಾರೆಪ್ಪನ ಬಿಳಿ ಕುದುರೆಯ ಗೊರಸು ಕೇಳಿತು. ಬಲಕ್ಕೆ ಸದ್ದಾದರೆ ಎಡಕ್ಕೆ ಸರಿಯಬೇಕು, ಅವಳು ಕಲಿತದ್ದೇ ಅದು. ಸರಿದಳು. ತಡೆಯುವ ಕೂಗು ಎಡಗಡೆ ಇರಲಿಲ್ಲ, ಇನ್ನೂ ಸರಿದಳು.

ಎಡಕ್ಕೆ ಬಾವಿ.

“ಏ ಬ್ಯಾಡ! ಹೋ! ಹೋ!” ಎಂದು ಸಣ್ಣಪ್ಪ ಜೂಲು ಜಗ್ಗಿ ಕಿರುಚಿದ. ಓಟದಲ್ಲಿ ಅವನು ಕಿರುಚಿದರೆ ಇನ್ನೂ ಜೋರು ಎಂದೇ ಅವಳು ಇಷ್ಟು ದಿನ ತಿಳಿದದ್ದು. ಜೋರಾಗಿಯೇ ಓಡಿದಳು.

ಬಾವಿಯ ಅಂಚಿನಲ್ಲಿ ಹಸಿರು ರುಮಾಲು ಕಂಡಿತು. ಮೆಹಬೂಬಸಾಬರು ಬಾವಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತಿದ್ದರು. ನವಲಿಯವರ ಮೂರು ಸಾಲಿನ ಜಾಗದಲ್ಲಿ ಅವರೊಬ್ಬರೇ. “ಹೋಯ್! ಹೋಯ್!” ಎಂದು ಒಣಗಿದ ಗಂಟಲಲ್ಲಿ ಮಂದಿಯ ಹಾಗೆ ಕೂಗುತ್ತಿದ್ದರು. ಒಬ್ಬ ಮುದುಕನ ಕೂಗು ಎಷ್ಟು ದೂರ ಹೋದೀತು? ಕಸ್ತೂರಿ ಹೊರಳಲಿಲ್ಲ. ಸಾಬರು ಗಾಬರಿಯಾದರು. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಕೂಗಿದರು.

“ಕಸ್ತೂರಿ! ಬೇಟಿ! ಏ ಬೇಟಿ!”

ದಿನಾ ಸಂಜೆ ನೆನೆಸಿದ ಹುರುಳಿಯ ಬುಟ್ಟಿ ಹಿಡಿದು ಅವರು ಮಗಳನ್ನು ಕರೆದ ಹಾಗೆ ಕರೆಯುತ್ತಿದ್ದುದು ಹೀಗೆಯೇ. ಅಷ್ಟು ದೊಡ್ಡ ಮೌನದಲ್ಲಿ ಅವಳಿಗೆ ಗೊತ್ತಿದ್ದ ಸದ್ದು ಅದೊಂದು ಸಿಕ್ಕಿತು. ಕಿವಿ ಎರಡೂ ನಿಗುರಿ, ಕುತ್ತಿಗೆ ಚಾಚಿ, ಅವಳು ನೆಟ್ಟಗೆ ಆ ದನಿಯ ಕಡೆಗೇ ಬಂದಳು.

ಸಾಬರಿಗೆ ತಾವು ಮಾಡಿದ್ದು ಏನೆಂದು ಆಗ ತಿಳಿಯಿತು. ಅವರ ಕಣ್ಣು ದೊಡ್ಡದಾದದ್ದನ್ನು ಸಣ್ಣಪ್ಪ ಕಂಡ. ಅವರು ಓಡಲಿಲ್ಲ. ಅಗಲಿಸಿದ್ದ ಕೈ ಎರಡನ್ನೂ ತಂದು ತಮ್ಮ ಬಾಯಿ ಮುಚ್ಚಿಕೊಂಡರು.

ಸದ್ದು ನಿಂತಿತು. ಹಿಡಿದು ಬಂದ ದನಿ ತಪ್ಪಿ ಕಸ್ತೂರಿ ಗಕ್ಕನೆ ನಾಲ್ಕೂ ಕಾಲು ಊರಿದಳು. ಹುಲ್ಲು ಕಿತ್ತು ಮಣ್ಣೆದ್ದಿತು, ಸಣ್ಣಪ್ಪ ಅವಳ ಕೊರಳ ಮೇಲಿಂದ ಜಾರಿ ನೆಲಕ್ಕೆ ಬಿದ್ದ. ಅವಳ ಎದೆ ಸಾಬರಿಗೆ ತಗಲಿ ಅವರು ಕುಕ್ಕರಿಸಿದರು. ಅವರ ಹಿಂದಿನಿಂದ ಹಿಡಿ ಕಲ್ಲು ಮಣ್ಣು ಉರುಳಿತು. ಎಷ್ಟೋ ಹೊತ್ತಿನ ಮೇಲೆ ಕೆಳಗೆ ನೀರಿನ ಸದ್ದಾಯಿತು.

ಇಬ್ಬರೂ ಬಿದ್ದಲ್ಲೇ ಕೂತು ಒಬ್ಬರ ಮುಖ ಒಬ್ಬರು ನೋಡಿದರು.

“ನಿಮಗ ಗೊತ್ತಿತ್ತೇನ್ರಿ?” ಸಣ್ಣಪ್ಪ ಕೇಳಿದ.

“ಹೋದ ವರ್ಷದಿಂದ. ನಿನಗ ಗೊತ್ತಿಲ್ಲ ಅಂತ ತಿಳಕೊಂಡಿದ್ದೆ.”

“ಗೊತ್ತಿದ್ದು ಗೊತ್ತಿದ್ದು ಕುರುಡ ಕುದುರಿ ಮ್ಯಾಲ ನನ್ನ ಕುಂಡ್ರಿಸಿದ್ರಿ?”

“ಹೇಳಿದ್ರ ನೀ ಹತ್ತಾಕ ಒಲ್ಲೆ ಅಂತಿದ್ದಿ.” ಸಾಬರು ಕೈಗೆ ಹತ್ತಿದ ಮಣ್ಣು ಒರೆಸಿಕೊಂಡರು. “ಬಾವಿಗೆ ನಾ ಅಡ್ಡ ನಿಂತಿದ್ನಲ್ಲಪ.”

ಸಣ್ಣಪ್ಪನಿಗೆ ಬಾಯಿ ತುಂಬ ಬೈಗುಳ ಬಂತು. ತಾನೂ ಅವರಿಗೆ ಹೇಳಿರಲಿಲ್ಲವೆಂಬುದು ಅದರ ಹಿಂದೆಯೇ ಬಂತು. ಬೈಗುಳ ನುಂಗಿಕೊಂಡ, ಅಳು ಮಾತ್ರ ನುಂಗಲಾಗಲಿಲ್ಲ. ಕಸ್ತೂರಿ ಮೂತಿ ಚಾಚಿ ಸಾಬರ ಮಡಿಲಲ್ಲಿ ಹುರುಳಿಯ ಬುಟ್ಟಿ ಹುಡುಕುತ್ತಿದ್ದಳು.

ಮೂರನೆಯ ಕುದುರೆಯನ್ನು ಹಿಂದೆ ಹಾಕಿ ಗುರಿಗಲ್ಲು ಮುಟ್ಟಿದ ಮಾರೆಪ್ಪ ಕುದುರೆಯನ್ನು ನಡೆಸಿಕೊಂಡು ವಾಪಸು ಬಂದ. ಅವನ ಮುಖದಲ್ಲಿ ಗೆಲುವಿರಲಿಲ್ಲ, ಗೊಂದಲವಿತ್ತು. ಈ ಓಟದಲ್ಲಿ ಗೆದ್ದವನು ಯಾರೆಂದು ಗುರಿಗಲ್ಲಿನ ಮಂದಿಯ ಕೇಕೆಯೇ ಹೇಳಬೇಕು. ಅಲ್ಲಿ ಕೇಕೆ ಹಾಕಲು ಒಂದು ಕಾಗೆ ಸಹ ಇರಲಿಲ್ಲ.

“ನಾ ಗೆದ್ನೇನು?” ಎಂದು ಕೇಳಿದ.

ಅವನು ಬಗ್ಗಿ ಕಸ್ತೂರಿಯ ಮುಖ ನೋಡಿದ. ಅವಳ ಕಣ್ಣ ಮುಂದೆ ಕೈ ಆಡಿಸಿದ. ಆಡಿಸಿದ ಕೈ ಹಾಗೇ ನಿಂತಿತು.

“ಯಪ್ಪಾ! ಇಕಿಗೆ ಕಣ್ಣ ಇಲ್ಲಲ್ಲೋ!”

ಇನ್ನು ಮುಚ್ಚಿಡುವುದು ಏನೂ ಉಳಿಯಲಿಲ್ಲ. ಸಂಜೆಯೊಳಗೆ ಊರಿಗೆ ತಿಳಿಯುತ್ತದೆ. ಸಾಬರು ಎದ್ದು, ಬಿದ್ದಿದ್ದ ರುಮಾಲು ಝಾಡಿಸಿ, ಅದನ್ನು ತಲೆಗೆ ಸುತ್ತದೆ, ಗೆದ್ದವನಿಗೆ ಮರ್ಯಾದೆಯೆಂದು ಮಾರೆಪ್ಪನ ಕೈಗೆ ಕೊಟ್ಟರು. “ಹುಲ್ಲು ನಿಂದಪ,” ಎಂದರು. ಆಮೇಲೆ ಸಣ್ಣಪ್ಪನ ಕಡೆ ತಿರುಗದೆ, “ನಾಳಿಗೆ ಗಾಣದವ್ರು ಬರ್ತಾರ. ನೀ ನಮ್ಮ ಮನಿ ಕಡೆ ಬರಬ್ಯಾಡ,” ಎಂದರು.

ಆಗ ಬಯಲಿನಾಚೆಯ ರಸ್ತೆಯಲ್ಲಿ ನವಲಿಯ ಕಡೆಯಿಂದ ಬಸ್ಸು ಕೆಮ್ಮುತ್ತಾ ಬಂತು. ಒಳಗೆ ಜನ, ಮೆಟ್ಟಿಲ ಮೇಲೆ ಜನ, ಮಾಳಿಗೆಯ ಮೇಲೆ ಜನ. ನವಲಿಗೆ ನವಲಿಯೇ ಸಿನಿಮಾಕ್ಕೆ ಹೊರಟಿತ್ತು. ಬಯಲಲ್ಲಿ ಕುದುರೆಗಳನ್ನು ಕಂಡವರು ರುಮಾಲು ಬೀಸಿ, “ಹೋಯ್! ಹೋಯ್!” ಎಂದು ಒಂದೇ ಸಮನೆ ಕೇಕೆ ಹಾಕಿದರು.

ಕಸ್ತೂರಿ ತಲೆಯೆತ್ತಿದಳು. ಎರಡು ಕಿವಿಯೂ ಬಸ್ಸಿನ ಕಡೆ ನಿಗುರಿದವು, ಮೈಮೇಲಿನ ತೊಗಲು ಝುಮ್ಮೆಂದು ಅದುರಿತು. ಮುಂಗಾಲೊಂದನ್ನು ಎತ್ತಿ ನೆಲ ಕೆರೆದಳು. ಸಣ್ಣಪ್ಪ ಒಂದು ಕಡೆಯಿಂದ, ಸಾಬರು ಇನ್ನೊಂದು ಕಡೆಯಿಂದ ಅವಳ ಕೊರಳು ಹಿಡಿದುಕೊಂಡರು. ಬಸ್ಸು ದೂರವಾಯಿತು, ಕೇಕೆ ಸಣ್ಣದಾಗುತ್ತಾ ಹೋಗಿ ನಿಂತಿತು, ರಸ್ತೆಯ ಧೂಳೂ ಕೂತಿತು. ಅವಳು ಮಾತ್ರ ಆ ಕಡೆಯಿಂದ ಕಿವಿ ತಿರುಗಿಸಲಿಲ್ಲ.