ಒಂದು ಹೆಚ್ಚು ಎಣಿಸುವ ಹುಡುಗಿ

ಆಮೆಯ ಬಸ್ಸು ಎಂದರೆ ಸಾಲಾಗಿಟ್ಟ ಪುಟ್ಟ ಕುರ್ಚಿಗಳು, ಅಷ್ಟೇ. ಕಥೆ ಟೀಚರ್ ಕಟ್ಟಿದ್ದು, ಬಟ್ಟೆಯ ಹಾಳೆಗಳ ಮೇಲೆ ಚಿತ್ರ ಬರೆದು ಪುಸ್ತಕ ಹೊಲಿದದ್ದೂ ಅವಳೇ. ಆಮೆ ಕಾಡಿನ ಪ್ರಾಣಿಗಳನ್ನು ಕೆರೆಗೆ ಕರೆದೊಯ್ಯುತ್ತದೆ. ಪ್ರಾಣಿಗಳಾದ ಮಕ್ಕಳು ದಾರಿಯಲ್ಲಿ ಒಬ್ಬೊಬ್ಬರಾಗಿ ಹತ್ತುತ್ತಾರೆ, ಇಳಿಯುತ್ತಾರೆ. ಪ್ರತಿ ಸ್ಟಾಪಿನಲ್ಲೂ ಒಳಗೆಷ್ಟು ಜನರಿದ್ದಾರೆಂದು ಕಂಡಕ್ಟರ್ ಕೂಗಬೇಕು. ಹೀಗೆ ಆಡುತ್ತಾ ಆಡುತ್ತಾ ಶಿಶುವಿಹಾರದ ಮಕ್ಕಳಿಗೆ ಕೂಡುವುದು, ಕಳೆಯುವುದು ಗೊತ್ತಾಗುತ್ತಿತ್ತು. ಲೆಕ್ಕ ಅನ್ನುವ ಹೆಸರೂ ಅವರ ಕಿವಿಗೆ ಬಿದ್ದಿರಲಿಲ್ಲ.

ಅವತ್ತಿನ ಕಂಡಕ್ಟರ್ ಚೂಟಿ. ಅವಳ ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಬಳಕೆಗೆ ಬರುತ್ತಿತ್ತು. ಸಿಂಹ ಕಿಟಕಿ ಸೀಟೇ ಬೇಕೆಂದು ಹಟ ಹಿಡಿದಿತ್ತು. ಆನೆಗೆ ನೆಗಡಿಯಾಗಿ ಕಾಗದದ ಸೊಂಡಿಲು ಒದ್ದೆಯಾಗಿತ್ತು. ಮೊಲ, ಜಿಂಕೆ ಹಿಂದಿನ ಸೀಟಿನಲ್ಲಿ ಜಗಳವಾಡುತ್ತಿದ್ದವು.

"ಕಂಡಕ್ಟ್ರೇ, ಎಷ್ಟು ಜನ?" ಟೀಚರ್ ಕೇಳಿದಳು.

ಚೂಟಿ ಒಂದೊಂದು ತಲೆ ಮುಟ್ಟಿ ಸರಿಯಾಗಿ ನಾಲ್ಕರವರೆಗೆ ಎಣಿಸಿದಳು. ಆಮೇಲೆ ಖಾಲಿ ಕುರ್ಚಿಯ ಬೆನ್ನು ಮುಟ್ಟಿ, "ಐದು!" ಎಂದಳು.

"ಅಲ್ಲಿ ಯಾರೂ ಇಲ್ವಲ್ಲೇ ಪೆದ್ದಿ," ಎಂದಿತು ಸಿಂಹ.

"ಐದು ಅಂದ್ರೆ ಐದು!" ಕಿರುಚಿದ ಚೂಟಿಯ ಕತ್ತಿನ ನರ ಉಬ್ಬಿತ್ತು. ಸಿಂಹ ಮುಂದಿನ ಸ್ಟಾಪಿನಲ್ಲಿ ಇಳಿಯಲು ಎದ್ದಾಗ ಅವಳು ಅವನ ಅಂಗಿ ಹಿಡಿದು ಜಗ್ಗಿದಳು. "ಯಾರೂ ಇಳಿಯೋ ಹಾಗಿಲ್ಲ!"

ಆ ಕುರ್ಚಿಯಲ್ಲಿ ಹೋದ ವರ್ಷ ಗುಂಡ ಕೂರುತ್ತಿದ್ದ. ಚೂಟಿಯ ಅವಳಿ ತಮ್ಮ. ರಜೆಯಲ್ಲಿ ಮಿದುಳುಜ್ವರ ಬಂತು, ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ. ಶಾಲೆ ಮತ್ತೆ ತೆರೆದಾಗ ಚೂಟಿ ಒಬ್ಬಳೇ ಬಂದಳು. ಅಂದಿನಿಂದ ಅವಳ ಎಲ್ಲ ಲೆಕ್ಕದಲ್ಲೂ ಒಂದು ಹೆಚ್ಚು. ಕರಡಿ ಮನೆಗೆ ನೆಂಟರು ಬರುವ ಆಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲೋಟ ಇಡಬೇಕು. ಚೂಟಿ ಎಲ್ಲರಿಗೂ ಇಟ್ಟು, ಒಂದು ಲೋಟವನ್ನು ಗೋಡೆಯ ಬದಿಗೆ ಇಡುತ್ತಿದ್ದಳು.

ಟೀಚರ್ ಕಥೆ ಬದಲಾಯಿಸಿ ನೋಡಿದಳು. ಯಾರೂ ಇಳಿಯದ ಬಸ್ಸು, ಯಾರೂ ಎದ್ದುಹೋಗದ ಮನೆ. ಏನು ಮಾಡಿದರೂ ಅಷ್ಟೇ. ಮನೆಗೆ ಹೋದ ಮೇಲೂ ಅದೇ ಯೋಚನೆ ಅವಳ ತಲೆ ತಿನ್ನುತ್ತಿತ್ತು. ಚಿಕ್ಕ ಮಕ್ಕಳಿಗೆ ಹೇಳುವ ಎಣಿಕೆಯ ಕಥೆಗಳಲ್ಲೆಲ್ಲ ಕೊನೆಗೆ ಒಬ್ಬರಾದರೂ ಯಾಕೆ ಹೊರಟುಹೋಗುತ್ತಾರೋ!

ಒಂದು ಸಂಜೆ ಚೂಟಿಯ ಅಪ್ಪ ಬಂದ. ಕಟ್ಟಡಗಳಿಗೆ ವೈರಿಂಗ್ ಮಾಡುವವನು, ಕೈಯಲ್ಲಿ ಟೆಸ್ಟರ್ ಇನ್ನೂ ಇತ್ತು.

"ಮಿಸ್, ಒಂದನೇ ಕ್ಲಾಸಿಗೆ ಸೇರಿಸೋಕೆ ಹೋದ್ರೆ ದೊಡ್ಡ ಶಾಲೆಯೋರು ಇವಳಿಗೆ ಎಣಿಸೋಕೇ ಬರಲ್ಲ ಅಂದ್ಬಿಟ್ರು. ಒಬ್ಬನ್ನ ಕಳ್ಕೊಂಡಾಯ್ತು. ಇವಳೂ ಹೀಗಾದ್ರೆ ನಾವೇನ್ಮಾಡೋದು? ಮನೇಲಿ ಅವಳಮ್ಮ ಮಾತೇ ಆಡಲ್ಲ. ಹೇಗಾದ್ರೂ ಮಾಡಿ ಇವಳಿಗೆ ಎಣಿಸೋದು ಕಲ್ಸಿ. ನಿಮ್ಮ ಕಾಲಿಗೆ ಬೀಳ್ತೀನಿ." ಮಾತಿನ ಜೊತೆಗೇ ಬಗ್ಗಿಬಿಟ್ಟ. ಟೀಚರ್ ಗಾಬರಿಯಾಗಿ ಹಿಂದೆ ಸರಿದಳು.

ಮರುದಿನ ಲೋಟ ತೊಳೆಯುವ ನೆಪದಲ್ಲಿ ಚೂಟಿಯನ್ನು ನಲ್ಲಿಯ ಹತ್ತಿರ ಕರೆದೊಯ್ದಳು. ಟೀಚರ್ ನಲ್ಲಿ ತಿರುಗಿಸಿದ್ದೇ ತಡ, ಚೂಟಿ ಎರಡೂ ಕಿವಿ ಮುಚ್ಚಿಕೊಂಡಳು.

"ಯಾಕಮ್ಮ?"

"ನಿಲ್ಸಿ ಮಿಸ್."

ನಿಲ್ಲಿಸಿದಳು. ಲೋಟ ಒರೆಸುತ್ತಾ ಮೆಲ್ಲಗೆ ಕೇಳಿದಳು, "ಬಸ್ಸಲ್ಲಿ ನಿಜವಾಗ್ಲೂ ಎಷ್ಟು ಜನ ಇದ್ರು?"

ಚೂಟಿ ಅತ್ತ ಇತ್ತ ನೋಡಿ ಪಿಸುಗುಟ್ಟಿದಳು. "ನಾಲ್ಕು. ನಂಗೊತ್ತು."

"ಮತ್ತೆ ಐದು ಅಂದೆ?"

"ಮನೇಲಿ ಊಟಕ್ಕೆ ಮೂರು ತಟ್ಟೆ ಇಟ್ಟಿದ್ದೆ. ಅಮ್ಮ ನೋಡಿದ್ರು, ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಂಡ್ರು. ನಲ್ಲಿ ಬಿಟ್ರು. ಬರ್ಲೇ ಇಲ್ಲ. ಅಪ್ಪ ಬಾಗಿಲು ಒಡೆದ್ರು." ಅವಳು ಲೋಟದ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಆಮೇಲೆ ನಾನು ನಾಲ್ಕೇ ಇಡೋದು. ಅಮ್ಮ ಹೋಗಲ್ಲ."

ಈ ಮಗುವಿಗೆ ಎಣಿಕೆ ಕಲಿಸುವುದು ಏನೂ ಉಳಿದಿರಲಿಲ್ಲ. ಪ್ರತಿ ಹೊತ್ತೂ ಅಮ್ಮನನ್ನು ಕಾಯುವ ಕೆಲಸ ಅವಳ ತಲೆಯ ಮೇಲೆ ಕೂತಿತ್ತು.

ಶಾಲೆ ಬಿಟ್ಟ ಮೇಲೆ ಟೀಚರ್ ಚೂಟಿಯ ಅಮ್ಮನ ಹೊಲಿಗೆ ಅಂಗಡಿಗೆ ಹೋದಳು. ಅಮ್ಮ ಕತ್ತಿಗೆ ಟೇಪು ಹಾಕಿಕೊಂಡು ಯಾರದೋ ಸಮವಸ್ತ್ರಕ್ಕೆ ಗುಂಡಿ ಹಚ್ಚುತ್ತಿದ್ದಳು. ಟೀಚರ್ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಅಲ್ಲಿ ಕೈಕೊಟ್ಟಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

ಅಮ್ಮನ ಮುಖ ಕಪ್ಪಿಟ್ಟಿತು. "ನನ್ ಮಗಳು ನನ್ನಿಂದ ಕೆಟ್ಟಳು ಅಂತ ಹೇಳೋಕೆ ಬಂದ್ರಾ?"

"ಹಾಗಲ್ಲಮ್ಮ..."

"ನಿಮಗೆ ಎಣಿಸೋದು ಕಲ್ಸಿ ಅಂದ್ವಿ. ನಮ್ಮನೇಲಿ ಎಷ್ಟು ಜನ ಅಂತ ಎಣಿಸಿ ಅನ್ಲಿಲ್ಲ. ಎದ್ದು ಹೋಗಿ."

ಮರುದಿನ ಚೂಟಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಟೀಚರ್ ಗೇಟಿನ ಸದ್ದಾದಾಗಲೆಲ್ಲ ತಿರುಗಿ ನೋಡಿದಳು. ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳುವಷ್ಟು ಸಿಟ್ಟು ತನ್ನ ಮೇಲೆ. ಹೇಳದೆ ಇದ್ದಿದ್ದರೆ ಮಗುವಾದರೂ ಕಣ್ಣೆದುರು ಇರುತ್ತಿತ್ತು.

ವಾರ ಕಳೆಯುವುದರೊಳಗೆ ಒಂದು ಮಧ್ಯಾಹ್ನ ಅಪ್ಪನ ಫೋನು ಬಂತು. ಉಸಿರು ಸಿಗುತ್ತಿರಲಿಲ್ಲ ಅವನಿಗೆ. "ಮಿಸ್, ಪಕ್ಕದ್ಮನೆ ಅಜ್ಜಿ ಫೋನ್ ಮಾಡಿದ್ರು. ನನ್ನ ಹೆಂಡ್ತಿ ಮತ್ತೆ ಬಚ್ಚಲ ಬಾಗಿಲು ಹಾಕ್ಕೊಂಡಿದಾಳಂತೆ. ನಾನು ಊರಾಚೆ ಇದೀನಿ, ಬರೋಕೆ ಹೊತ್ತಾಗುತ್ತೆ. ನೀವು ಹತ್ರ ಇದೀರಿ..."

ಟೀಚರ್ ಮಕ್ಕಳನ್ನು ಆಯಾಳಿಗೆ ಒಪ್ಪಿಸಿ ಓಡಿದಳು. ದಾರಿಯಲ್ಲಿ ಒಂದು ಚಪ್ಪಲಿ ಕಿತ್ತುಹೋಯಿತು, ಇನ್ನೊಂದನ್ನೂ ಅಲ್ಲೇ ಬಿಟ್ಟಳು.

ಬಚ್ಚಲ ಬಾಗಿಲ ಕೆಳಗಿನಿಂದ ನೀರು ಹರಿದು ಅಡುಗೆಮನೆಯವರೆಗೂ ಬಂದಿತ್ತು. ಪಕ್ಕದ ಮನೆಯ ಅಜ್ಜಿ ಗೋಡೆ ಹಿಡಿದು ನಿಂತಿದ್ದಳು. ಚೂಟಿ ನೀರಿನಲ್ಲಿ ಮಂಡಿಯೂರಿ ಎರಡೂ ಕೈಯಿಂದ ಬಾಗಿಲು ಬಡಿಯುತ್ತಿದ್ದಳು.

"ಅಮ್ಮಾ, ನಾಲ್ಕು! ನಾಲ್ಕೇ ಅಮ್ಮಾ! ತಪ್ಪು ಹೇಳ್ಬಿಟ್ಟೆ, ನಾಲ್ಕು!"

ಟೀಚರನ್ನು ಕಂಡದ್ದೇ ಅವಳ ಸೆರಗಿಗೆ ಜೋತುಬಿದ್ದಳು. "ಅಮ್ಮ, 'ನಿಜ ಹೇಳು, ನಾವೆಷ್ಟು ಜನ' ಅಂದ್ರು. ನಾನು ಮೂರು ಅಂದೆ ಮಿಸ್. ನಿಜ ಹೇಳು ಅಂದ್ರಲ್ಲ!"

ಟೀಚರ್ ಭುಜದಿಂದ ಬಾಗಿಲು ತಳ್ಳಿದಳು. ಜಗ್ಗಲಿಲ್ಲ. ಅಪ್ಪ ಹೊಸದಾಗಿ ಹಾಕಿಸಿದ ಬಾಗಿಲು ಗಟ್ಟಿಯಾಗಿತ್ತು. ಅವಳು ನೀರಿನಲ್ಲೇ ಕುಸಿದು ಕೂತು ಬಾಗಿಲಿಗೆ ಬಾಯಿ ಹಚ್ಚಿದಳು.

"ನನ್ನನ್ನ ಬೈಯಿರಿ, ಹೊಡೀರಿ. ಆದ್ರೆ ಇವಳ ಮಾತು ಕೇಳಿ. ಇವಳಿಗೆ ಮೂರು ಗೊತ್ತು. ನಿಮ್ಮನ್ನ ಉಳಿಸ್ಕೊಳ್ಳೋಕೆ ನಾಲ್ಕು ಅಂತಿದಾಳೆ. ಇಷ್ಟು ಸಣ್ಣ ಮಗು, ಇವಳಿಂದ ಎಷ್ಟು ದಿನ ಆಗುತ್ತೆ? ನೀವು ಒಳಗೆ ಹೋದ್ರೆ ಇವಳ ಲೆಕ್ಕ ಎಲ್ಲಿಗೆ ನಿಲ್ಲುತ್ತೆ?"

ಒಳಗೆ ನೀರಿನ ಸದ್ದು ಮಾತ್ರ. ಅಜ್ಜಿ ಗಟ್ಟಿಯಾಗಿ ಅಳತೊಡಗಿದಳು. ಟೀಚರ್ "ತೆಗೀರಿ, ತೆಗೀರಿ," ಎಂದಷ್ಟೇ ಹೇಳುತ್ತಾ ಬಡಿದಳು. ಅಂಗೈ ಉರಿಯುತ್ತಿತ್ತು.

ನಲ್ಲಿ ನಿಂತಿತು. ಚಿಲಕ ಸರಿದ ಸದ್ದಾಯಿತು.

ಅಮ್ಮ ಹೊರಗೆ ಬಂದಳು. ಸೀರೆಯೆಲ್ಲ ತೊಯ್ದು ಮೈಗೆ ಅಂಟಿತ್ತು, ತುಟಿಗಳು ಬೆಳ್ಳಗಾಗಿದ್ದವು. ಮಗಳನ್ನು ನೋಡಿದಳು. ಚೂಟಿ ಹತ್ತಿರ ಹೋಗಲಿಲ್ಲ. ನಾಲ್ಕು ಬೆರಳು ಎತ್ತಿ ಹಿಡಿದು ನಿಂತಿದ್ದಳು.

ಅಮ್ಮ ಹೊಸ್ತಿಲ ಮೇಲೆ ಕೂತು ಆ ಕೈ ಹಿಡಿದುಕೊಂಡಳು. ಒಂದು ಬೆರಳನ್ನು ಮಡಿಸಲು ಹೋದಳು, ಆಗಲಿಲ್ಲ. ಮತ್ತೆ ಹಿಡಿದಳು. "ಮೂವರು," ಎಂದಳು. "ನೀನು ಸರಿಯಾಗೇ ಹೇಳ್ದೆ ಕಂದ. ಮನೇಲಿ ಈಗ ಮೂವರೇ." ಅಷ್ಟು ಹೇಳುವಷ್ಟರಲ್ಲಿ ಅವಳ ಎದೆಯೊಳಗಿಂದ ಒಂದು ದನಿ ಕಿತ್ತುಕೊಂಡು ಬಂತು. ಅವಳು ಮುಖ ಮುಚ್ಚಿಕೊಳ್ಳದೆ, ಎದ್ದು ಎಲ್ಲಿಗೂ ಹೋಗದೆ, ಮಗಳ ಎದುರೇ ಅತ್ತಳು. ಚೂಟಿ ಅಮ್ಮನನ್ನೇ ದಿಟ್ಟಿಸುತ್ತಾ ಎಷ್ಟೋ ಹೊತ್ತು ನಿಂತಳು. ಆಮೇಲೆ ಬಂದು ಒದ್ದೆ ಮಡಿಲಲ್ಲಿ ಕೂತಳು.

ಅಪ್ಪ ಬಂದವನೇ ಬಚ್ಚಲ ಚಿಲಕ ಬಿಚ್ಚಿ ತೆಗೆದ. ಅದೇ ವಾರ ಹೆಂಡತಿಯನ್ನು ಮನೋವೈದ್ಯರ ಬಳಿ ಕರೆದೊಯ್ದ. ಔಷಧಿ ಶುರುವಾಯಿತು. ಎಲ್ಲ ಸರಿಹೋಯಿತೆಂದು ಹೇಳುವಂತಿಲ್ಲ. ಅಮ್ಮ ಕೆಲವು ದಿನ ಹಾಸಿಗೆಯಿಂದ ಏಳುವುದಿಲ್ಲ. ಚೂಟಿ ಶಾಲೆಗೆ ಬರುತ್ತಾಳೆ, ಕೆಲವೊಮ್ಮೆ ಸರಿ ಎಣಿಸುತ್ತಾಳೆ, ಕೆಲವೊಮ್ಮೆ ಒಂದು ಹೆಚ್ಚು. ಟೀಚರ್ ತಿದ್ದುವುದಿಲ್ಲ.

ಒಂದು ಬೆಳಿಗ್ಗೆ ಮಗಳನ್ನು ಬಿಡಲು ಬಂದ ಅಮ್ಮ ಗೇಟಿನ ಹತ್ತಿರ ತಡೆದು ನಿಂತಳು.

"ಮಿಸ್, ಅಂಗಡೀಲಿ ಹೊಸಬರು ಬಂದ್ರೆ ಎಷ್ಟು ಮಕ್ಕಳು ಅಂತ ಕೇಳ್ತಾರೆ. ಏನನ್ಲಿ?"

ಟೀಚರ್ ಗೇಟಿನಾಚೆ ಬಂದು ಅವಳ ಪಕ್ಕ ನಿಂತಳು. "ನೀವು ಹೆತ್ತಿದ್ದು ಇಬ್ಬರನ್ನ. ಇಬ್ಬರು ಅನ್ನಿ."

"ಅವರು ಇನ್ನೊಬ್ಬ ಎಲ್ಲಿ ಅಂದ್ರೆ?"

ಅಮ್ಮ ಉತ್ತರಕ್ಕೆ ಕಾಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಅಂಗಡಿ ತೆರೆಯುವ ಹೊತ್ತಾಯಿತೆಂದು ರಸ್ತೆ ದಾಟಿದಳು.