ಹಾಳುಬಾವಿಯ ಸಾಲು

ಸುಮೇರಾಳ ಕಣ್ಣು ತಪ್ಪಿಸಿ ವಿಕಿಯಲ್ಲಿ ಕಸ ಉಳಿಯುವುದುಂಟೇ? ತಿಪಟೂರಿನ ರವೀಂದ್ರನ ಸೈಬರ್ ಸೆಂಟರಿನಲ್ಲಿ ಆರು ಕಂಪ್ಯೂಟರ್ ನೋಡಿಕೊಳ್ಳುವುದು ಅವಳ ಕೆಲಸ. ಯಾರು ಬೇಕಾದರೂ ಬರೆದು ಯಾರು ಬೇಕಾದರೂ ತಿದ್ದಬಹುದಾದ ಕನ್ನಡದ ಊರುಗಳ ವಿಕಿಯನ್ನು ಕಾಯುವುದು ಅವಳ ಹುಚ್ಚು. ಸಂಬಳ ಗಿಂಬಳ ಏನಿಲ್ಲ, ನಿರ್ವಾಹಕಿ ಅನ್ನುವ ಪಟ್ಟ ಮಾತ್ರ ಕೊಟ್ಟಿದ್ದರು. ದರ್ಜಿ ಖಾಸಿಂ ಸಾಬರ ಮಗಳಿಗೆ ಅದೇನು ಸಣ್ಣದೇ? ತೂಕ ಇಳಿಸುವ ಮಾತ್ರೆ, ಫಾರಿನ್ ವಾಚು, ಲಾಟರಿ, ಪಡ್ಡೆ ಹುಡುಗರ ಬೈಗುಳ, ಎಲ್ಲವನ್ನೂ ಬಂದ ಐದು ನಿಮಿಷಕ್ಕೆ ಅಳಿಸುತ್ತಿದ್ದಳು. ಹೆಸರಿಲ್ಲದವರು ಆಧಾರವಿಲ್ಲದೆ ಬರೆದದ್ದು ಅಂದರೆ ಮುಗಿಯಿತು. ಕಸ ಗುಡಿಸುವವಳು ಕಸ ಓದುತ್ತಾ ಕೂತರೆ ಮನೆ ಗುಡಿಸಿಯಾಳೇ ಎನ್ನುತ್ತಿದ್ದಳು.

ಎರಡು ಸಾವಿರದ ಒಂಬತ್ತರ ದೀಪಾವಳಿ ಕಳೆದ ಮೇಲೆ, ಬಿಳಿಗೆರೆ ಕಡೆಯ ಕರೇಕಲ್ಲಹಟ್ಟಿಯ ಪುಟದಲ್ಲಿ ಒಂದು ಸಾಲು ಬಂತು. ‘ಪುಟ್ಟಗೌರಮ್ಮ ಹಾಳುಬಾವಿಯಲ್ಲಿದ್ದಾಳೆ. ತಳ್ಳಿದವನಿಗೆ ಗೊತ್ತು.’ ಅಳಿಸಿದಳು. ಮುಂದಿನ ಕೊಬ್ಬರಿ ಹರಾಜಿನ ದಿನ ಹನ್ನೊಂದು ಗಂಟೆಗೆ ಅದೇ ಸಾಲು ಮತ್ತೆ ಬಂತು. ಮತ್ತೆ ಅಳಿಸಿದಳು. ಹರಾಜು ಬಂತೆಂದರೆ ಸಾಲು ಬಂತು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಕಳಚಿಕೊಂಡ ಕೊಬ್ಬರಿ ಗುಡುಗುಡು ಅನ್ನುತ್ತದಲ್ಲ, ಹಾಗೆ ಆ ಸಾಲು ಅವಳ ತಲೆಯೊಳಗೆ ಉರುಳತೊಡಗಿತು. ನಲ್ಲಿಯ ಕೆಳಗೆ ಕೊಡ ಇಟ್ಟರೆ, ತುಂಬುವ ನೀರಿನ ಸದ್ದಿಗೆ ಮೈ ಜುಮ್ಮೆನ್ನುತ್ತಿತ್ತು. ಯಾರಿವಳು ಪುಟ್ಟಗೌರಮ್ಮ? ಕೇಳಲು ಭಯ, ಅಳಿಸಲು ಮಾತ್ರ ಧೈರ್ಯ.

ಹದಿನೈದನೆಯ ಸಲ ರೋಸಿಹೋಗಿ, ಬರೆಯುವವನ ಇಂಟರ್ನೆಟ್ ವಿಳಾಸವನ್ನೇ ತಡೆಹಿಡಿದಳು. ಮರುಕ್ಷಣ ಅವಳದೇ ಪರದೆಯ ಮೇಲೆ, ನಿಮ್ಮ ವಿಳಾಸವನ್ನು ತಡೆಹಿಡಿಯಲಾಗಿದೆ ಎಂದು ಬಂತು.

ಅವಳು ತಲೆ ಎತ್ತಿ ಕೋಣೆಯನ್ನು ನೋಡಿದಳು. ಸೆಂಟರಿನ ಆರು ಕಂಪ್ಯೂಟರಿಗೂ ಒಂದೇ ಫೋನ್ ಲೈನು, ಹೊರಗಿನ ಲೋಕಕ್ಕೆ ಒಂದೇ ವಿಳಾಸ. ಬರೆಯುವವರು ಇದೇ ಕೋಣೆಯಲ್ಲಿ, ಅವಳಿಗೆ ಬೆನ್ನು ಕೊಟ್ಟು ಕೂತಿದ್ದರು.

ನಾಲ್ಕನೆಯ ಕಂಪ್ಯೂಟರಿನ ಮುಂದೆ ಕರೇಕಲ್ಲಹಟ್ಟಿಯ ಶಂಭುಲಿಂಗಯ್ಯನಿದ್ದ. ಐವತ್ತು ದಾಟಿದ ತೋಟದ ಯಜಮಾನ. ಹರಾಜಿಗೆ ಬಂದಾಗ ಬೇರೆ ಊರಿನ ಧಾರಣೆ ನೋಡಿಕೊಂಡು ಹೋಗುತ್ತಿದ್ದ. ಅವನಿಗೆ ಒಂದೇ ಬೆರಳಲ್ಲಿ ಕನ್ನಡ ಒತ್ತುವುದನ್ನು ಕಲಿಸಿದವಳು ಸುಮೇರಾಳೇ. ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು, ಯಜಮಾನ್ರೇ, ಪುಟ್ಟಗೌರಮ್ಮ ಯಾರು ಎಂದು ಮೆಲ್ಲಗೆ ಕೇಳಿದಳು.

ಅವನು ಬೆಚ್ಚಲಿಲ್ಲ. ನಮ್ಮಕ್ಕ ಅಂದ. ಇಪ್ಪತ್ತಮೂರು ವರ್ಷದ ಹಿಂದೆ ತೋಟದ ಹಾಳುಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಕಾಲು ಜಾರಿದಳು ಎಂದಿತ್ತು ಊರು. ಅವನ ಮನಸ್ಸು ಮಾತ್ರ ಒಪ್ಪಿರಲಿಲ್ಲ.

“ಇಲ್ಲಿ ಯಾರು ಬೇಕಾದ್ರೂ ಅಳಿಸ್ಬೋದು ಅಂದಿದ್ದೆಯಲ್ಲವ್ವ ನೀನು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ ಅಂತಾರಲ್ಲ. ತಪ್ಪು ಮಾಡಿದೋನೇ ಬಂದು ಅಳಿಸ್ತಾನೆ ಅಂತ ಬರ್ದೆ. ಬರ್ದಾಗೆಲ್ಲ ಅಳಿಸ್ದ.”

ಅಳಿಸಿದವನು ಅಕ್ಕನ ಗಂಡ, ಭಾವ ಮರುಳಸಿದ್ದಯ್ಯನೇ ಎಂಬುದು ಅವನ ತೀರ್ಮಾನ. ತುರುವೇಕೆರೆಯ ಆಫೀಸಿನಲ್ಲಿ ಭಾವನ ಮೇಜಿನ ಮೇಲೆ ಕಂಪ್ಯೂಟರ್ ಇತ್ತಲ್ಲ. ಮೊನ್ನೆ ಅವನನ್ನು ಗುಡಿಯ ಮುಂದೆ ನಿಲ್ಲಿಸಿ, ಕರ್ಪೂರ ಹಚ್ಚಿ, ಆಣೆ ಮಾಡು ಎಂದಿದ್ದ. ಕರ್ಪೂರ ಉರಿದು ಮುಗಿದರೂ ಭಾವ ಬಾಯಿ ಬಿಡಲಿಲ್ಲ. ನಾಳೆ ಊರು ಸೇರಿ ಅವನನ್ನು ಕುಲದಿಂದ ಹೊರಗಿಡುವುದಿತ್ತು.

ಸುಮೇರಾ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದಳು. ವಿಚಾರಿಸದೆ ಅಳಿಸಿದ್ದಕ್ಕೆ ಒಬ್ಬ ಮನುಷ್ಯ ಬೀದಿಗೆ ಬೀಳುತ್ತಿದ್ದ. “ಅಳಿಸಿದ್ದು ನಾನು ಕಣ್ರೀ,” ಅಂದಳು. “ಅಷ್ಟೂ ಸಲ ನಾನೇ.”

ಅವನು ನಂಬಲಿಲ್ಲ. ವಿಕಿಯಲ್ಲಿ ಅಳಿಸಿದ್ದು ಯಾವುದೂ ಸಾಯುವುದಿಲ್ಲ, ಹಿಂದಿನ ಪುಟಗಳಲ್ಲಿ ಹೆಸರು ಸಮೇತ ಇರುತ್ತದೆ ಎಂದು ಹೇಳಿ ಅವಳು ಪುಟದ ಇತಿಹಾಸ ತೆರೆದಳು. ಒಂದೊಂದೇ ಬೆರಳಿಟ್ಟು ತೋರಿಸಿದಳು. ಸುಮೇರಾ. ಸುಮೇರಾ. ಸುಮೇರಾ.

ಬೆರಳು ಒಂದು ಕಡೆ ನಿಂತಿತು. ಬಕ್ರೀದ್ ದಿನ. ಅವತ್ತು ಅವಳು ಮನೆಯಲ್ಲಿದ್ದಳು, ಅಂಗಡಿ ನೋಡಿಕೊಂಡವನು ರವೀಂದ್ರ. ಮರುದಿನ ಬಂದಾಗ ಪುಟ ಶುಭ್ರವಾಗಿತ್ತು, ಅವಳು ವಿಚಾರಿಸಿರಲಿಲ್ಲ. ಅಳಿಸಿದ್ದು ಹೆಸರಿಲ್ಲದ, ಎಲ್ಲಿಯದೋ ಬೇರೆ ವಿಳಾಸ. ಕಾರಣ ಬರೆಯುವ ಜಾಗದಲ್ಲಿ ಒಂದೇ ಮಾತಿತ್ತು. ಬೆರಳು ಸರಿಸಿಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಆದರೆ ವಿಚಾರಿಸದೆ ಮಾಡಿದ ಪಾಪವೇ ಸಾಕಾಗಿತ್ತು. ಗಟ್ಟಿಯಾಗಿ ಓದಿದಳು.

“ಸಾಕು, ಬುಡು ಶಂಭು.”

ಶಂಭುಲಿಂಗಯ್ಯ ಬಹಳ ಹೊತ್ತು ಆ ಅಕ್ಷರಗಳನ್ನೇ ನೋಡಿದ. ಅವನ ಕೆನ್ನೆಯ ಮೇಲೆ ನೀರಿಳಿಯಿತು, ಅವನು ಒರೆಸಿಕೊಳ್ಳಲಿಲ್ಲ.

“ನನ್ನ ಶಂಭು ಅಂತಿದ್ದೋಳು ಅಕ್ಕ ಒಬ್ಳೇ ಕಣವ್ವ. ಅದೂ ಮನೆ ಒಳಗೆ, ಯಾರೂ ಇಲ್ದಾಗ.” ಎದ್ದು ಟವೆಲ್ಲು ಕೊಡವಿಕೊಂಡ. “ಅವ್ಳೇ ಬುಡು ಅಂದ್ಮೇಲೆ ಮುಗೀತು. ನಾಳೆ ಪಂಚಾಯ್ತಿ ಬ್ಯಾಡ ಅಂತೀನಿ.”

ತಲೆಹೊರೆ ಇಳಿಸಿದವನ ಹಾಗೆ ಮೆಟ್ಟಿಲಿಳಿದು ಹೋದ. ಸುಮೇರಾ ಕರೆಯಬೇಕೆಂದು ಬಾಯಿ ತೆರೆದಳು. ಮನೆಯೊಳಗಿನ ಆ ಹೆಸರು ಕೇಳಿಸಿಕೊಂಡಿರಬಹುದಾದವನು ಇನ್ನೊಬ್ಬನಿದ್ದ, ಪುಟ್ಟಗೌರಮ್ಮನ ಜೊತೆ ಬಾಳಿದ ಗಂಡ ಮರುಳಸಿದ್ದಯ್ಯ. ದುಃಖಕ್ಕೆ ಹಾಗೆ ಬರೆದನೋ, ಭಯಕ್ಕೆ ಬರೆದನೋ, ಅಥವಾ ಶಂಭುಲಿಂಗಯ್ಯ ಈಗ ನಂಬಿದಂತೆ ಅಕ್ಕನೇ ಬರೆದಳೋ. ಅವಳು ಕರೆಯಲಿಲ್ಲ.

ಆಮೇಲೆ ಆ ಸಾಲು ಬರಲಿಲ್ಲ. ಈಗ ಹರಾಜಿನ ದಿನ ಹನ್ನೊಂದಕ್ಕೆ ಸುಮೇರಾ ಕರೇಕಲ್ಲಹಟ್ಟಿಯ ಪುಟ ತೆರೆದು ಕೂರುತ್ತಾಳೆ. ಒಂದು ದಿನ ಅವಳೇ, ಸೆಂಟರಿನ ವಿಳಾಸದ ತಡೆ ತೆಗೆದು, ತನ್ನ ಹೆಸರು ಕಾಣದ ಹಾಗೆ ಖಾತೆಯಿಂದ ಹೊರಬಂದು, ಒಂದೊಂದೇ ಅಕ್ಷರ ಒತ್ತಿದಳು. ಪುಟ್ಟಗೌರಮ್ಮ ಹಾಳುಬಾವಿಯಲ್ಲಿದ್ದಾಳೆ. ಉಳಿಸಿ, ಯಾರು ಅಳಿಸುತ್ತಾರೆಂದು ಕಾದಳು.