ಕಂಬದ ಪಕ್ಕದ ಎಲೆ

ಗಂಡಿನ ಕಡೆಯವರು ಅಂಗಳದಲ್ಲಿ ಕೈಕಾಲು ತೊಳೆಯುತ್ತಿರುವಾಗಲೇ ರಾಮಲಿಂಗಯ್ಯ ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ಒಳಕೋಣೆಗೆ ಸೇರಿಸಿ ಚಿಲಕ ಹಾಕಿದ.

"ಅಯ್ಯೋ, ಬಂದೋರು ಎಲ್ ಕೂತ್ಕತಾರೆ?" ಹೆಂಡತಿ ಚಿಕ್ಕಲಕ್ಷ್ಮಮ್ಮ ಒಬ್ಬಟ್ಟಿನ ತಟ್ಟೆ ಹಿಡಿದೇ ಕೇಳಿದಳು.

"ನೆಲದ್ ಮ್ಯಾಲೆ. ಚಕ್ಕಳಮಕ್ಕಳ ಹಾಕ್ಕಂಡು ಉಣ್ಲಿ. ನಿನ್ನಳಿಯನ ಮಂಡಿ ಮಡಚ್ತದೋ ಇಲ್ವೋ ಗೊತ್ತಾಯ್ತದೆ."

"ಇನ್ನೂ ಅದೇ ಗ್ಯಾನವಾ ನಿಮ್ಗೆ?"

"ಕಾಲಿಲ್ದೋನ್ನ ಕಾರ್ಖಾನೆಯೋರು ಎಷ್ಟ್ ದಿನ ಇಟ್ಕತಾರೆ? ಆಮೇಲೆ ಮಗ್ಳು ಗೇದು ಸಾಕ್ಬೇಕಾ?"

ಸುದ್ದಿ ಕಿವಿಗೆ ಬಿದ್ದದ್ದು ಬಿಡದಿ ಬಸ್ಸಿನಲ್ಲಿ. ಹುಡುಗ ಯೋಗಾನಂದ ಕೆಲಸ ಮಾಡುವ ಕಾರ್ಖಾನೆಯಲ್ಲಿ ಟ್ರಾಲಿ ಬಡಿದು ಯಾರದೋ ಮಂಡಿಚಿಪ್ಪು ಒಡೆದಿತ್ತಂತೆ, ಒಳಗೆ ತಂತಿ ಬಿಗಿದು ಕೂಡಿಸಿದ್ದಾರಂತೆ. ಯಾರದೆಂದು ಹೇಳಿದವನಿಗೂ ಗೊತ್ತಿರಲಿಲ್ಲ. ಆದರೆ ಹೆಣ್ಣು ನೋಡಲು ಬಂದ ದಿನ ಯೋಗಾನಂದ ಕುರ್ಚಿಯ ಕೈಗಳನ್ನು ಅದುಮಿ, ಎಲ್ಲರಿಗಿಂತ ತಡವಾಗಿ ಎದ್ದದ್ದು ರಾಮಲಿಂಗಯ್ಯನಿಗೆ ನೆನಪಿತ್ತು. ಎತ್ತು ಕೊಳ್ಳುವಾಗಲಾದರೆ ಮಂಡಿ ಒತ್ತಿ ನೋಡಬಹುದು. ಅಳಿಯನಾಗುವವನದು?

ಒಳಗೆ ಬಂದ ಹುಡುಗನ ಸೋದರಮಾವ ನಟರಾಜು ಸುತ್ತ ಕಣ್ಣಾಡಿಸಿದ. "ಓದ್ಸಲ ಕುರ್ಚಿ ಇದ್ವಲ್ಲ ಗೌಡ್ರೇ?"

"ಪಕ್ಕದ್ಮನೆಯೋರು ಇಸ್ಕಂಡೋದ್ರು. ಯಾಕೆ, ನೆಲದ್ ಮ್ಯಾಲೆ ಕುಂತ್ರೆ ಒಬ್ಬಟ್ಟು ಇಳಿಯಾಕಿಲ್ವಾ?"

ಎಲ್ಲರೂ ನಕ್ಕರು. ಯೋಗಾನಂದ ನಗಲಿಲ್ಲ.

ಮಗಳು ಧನಲಕ್ಷ್ಮಿ ಸಾಲಾಗಿ ಎಲೆ ಹಾಕುತ್ತ ಬಂದಳು. ರೈಲಿನಲ್ಲಿ ಬಿಡದಿಯ ಗಾರ್ಮೆಂಟ್ಸಿಗೆ ಹೋಗಿಬರುವ ಹುಡುಗಿ, ಕೈ ಚುರುಕು. ಕೊನೆಯ ಎಲೆಯನ್ನು ಮಾತ್ರ ಸಾಲಿನಿಂದ ಎಳೆದು ಕಂಬದ ಪಕ್ಕಕ್ಕೆ ಹಾಕಿದಳು. ಯೋಗಾನಂದ ಯಾರೂ ಹೇಳದಿದ್ದರೂ ನೇರ ಅಲ್ಲಿಗೇ ಹೋಗಿ, ಕಂಬಕ್ಕೆ ಬೆನ್ನು ಕೊಟ್ಟು ಇಳಿದು ಕೂತ. ಎಡಗಾಲು ಮಡಚಿತು. ಬಲಗಾಲನ್ನು ಕೈಯಿಂದ ಎಳೆದುಕೊಂಡ. ಹಣೆಯಲ್ಲಿ ಬೆವರು.

ಮಡಚಿತಲ್ಲ! ರಾಮಲಿಂಗಯ್ಯನಿಗೆ ಅರ್ಧ ಸಮಾಧಾನ, ಅರ್ಧ ಅನುಮಾನ. "ಇನ್ನೊಂದ್ ಒಬ್ಬಟ್ಟಾಕಮ್ಮೀ ಅವ್ರಿಗೆ," ಎಂದು ಬೇಕೆಂದೇ ಊಟ ಲಂಬಿಸಿದ; ಹುಡುಗ ಏಳುವುದನ್ನೂ ನೋಡಬೇಕಿತ್ತು. ತನ್ನ ಎಲೆಯಲ್ಲಿ ತುಪ್ಪ ಹೆಪ್ಪುಗಟ್ಟಿದ್ದೂ ತಿಳಿಯಲಿಲ್ಲ.

ಎಲ್ಲರೂ ಎದ್ದರು. ಯೋಗಾನಂದ ಎಂಜಲು ಕೈಯನ್ನೂ ಲೆಕ್ಕಿಸದೆ ಕಂಬವನ್ನು ತಬ್ಬಿ ಮೇಲೆದ್ದ. ಮಂಡಿಯೊಳಗೆ ಏನೋ ಲಟಕ್ಕೆಂದಿತು. ನಟರಾಜು ಜೋರಾಗಿ ಕೆಮ್ಮಿದ.

ರಾಮಲಿಂಗಯ್ಯ ಒಳಕೋಣೆಯ ಚಿಲಕ ತೆಗೆದು, ಒಂದು ಕುರ್ಚಿ ಎತ್ತಿಕೊಂಡು ಬಂದು ಹುಡುಗನ ಮುಂದಿಟ್ಟ.

"ಕೂತ್ಕಪ್ಪಾ. ಯಾವ್ ಕಾಲು?"

ಯೋಗಾನಂದ ಸೋದರಮಾವನ ಮುಖ ನೋಡಿದ. ಬಾಯಿ ತೆರೆದ.

"ಬಲಗಾಲು ಕಣಪ್ಪ," ಎಂದಳು ಹಿಂದಿನಿಂದ ಧನಲಕ್ಷ್ಮಿ.

ಕುರ್ಚಿಯ ಬೆನ್ನಿನ ಮೇಲಿದ್ದ ರಾಮಲಿಂಗಯ್ಯನ ಕೈ ಅಲ್ಲೇ ಉಳಿಯಿತು. ಅವಳು ಬಗ್ಗಿ, ಎಲ್ಲಕ್ಕಿಂತ ಮೊದಲು ಕಂಬದ ಪಕ್ಕದ ಎಲೆಯನ್ನು ಮಡಚಿದಳು.